ಹೊಸ ಬಸ್ಸು ಮತ್ತು ನನ್ನ ಏಳನೆಯ ಕಲಮು

ಅರ್ಜಿ ಬರೆದು ಹೊಟ್ಟೆ ಹೊರೆಯುವವನು ಎಲ್ಲದಕ್ಕೂ ತಯಾರಾಗಿರುತ್ತಾನೆ. ಅರ್ಜಿ ತಿರಸ್ಕಾರವಾದೀತು, ಕಳೆದುಹೋದೀತು, ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಜಿದಾರನಿಗೆ ಮೊಮ್ಮಕ್ಕಳಾದಾರು. ಇದಕ್ಕೆಲ್ಲ ನಮ್ಮ ಕಸುಬಿನಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಾವು ತಯಾರಿರದ ಅಪಾಯ ಒಂದೇ ಒಂದು: ಬರೆದ ಅರ್ಜಿ ಬರೆದ ಹಾಗೆಯೇ, ಒಂದಕ್ಷರ ಬಿಡದೆ ಮಂಜೂರಾಗಿಬಿಡುವುದು. ಮೂವತ್ತು ವರ್ಷದಲ್ಲಿ ನನಗೆ ಹಾಗಾದದ್ದು ಒಂದೇ ಸಲ. ಆ ಪೆಟ್ಟಿನಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ನನ್ನ ಮನೆ ನಾಗನೂರದಲ್ಲಿ, ಕಸುಬು ಗೋಕಾಕದಲ್ಲಿ. ತಹಸೀಲ್ದಾರ ಕಚೇರಿಯ ಕಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಒಂದು ಮೇಜು, ನನಗೊಂದು ಕುರ್ಚಿ, ಗಿರಾಕಿಗೊಂದು ಸ್ಟೂಲು, ಇಷ್ಟೇ ನನ್ನ ಸಂಸ್ಥಾನ. ಹೊಲದ ಉತಾರೆಯಲ್ಲಿ ಹೆಸರು ತಪ್ಪಾಗಿದ್ದರೆ, ಪಿಂಚಣಿ ನಿಂತುಹೋಗಿದ್ದರೆ, ಬಾಜೂ ಹೊಲದವನ ಎಮ್ಮೆ ತಮ್ಮ ಕಬ್ಬು ಮೇಯ್ದಿದ್ದರೆ ಜನ ನನ್ನಲ್ಲಿಗೆ ಬರುತ್ತಾರೆ. ಅವರು ಎರಡು ಮಾತಿನಲ್ಲಿ ಹೇಳಿದ್ದನ್ನು ನಾನು ಎರಡು ಹಾಳೆಗೆ ಏರಿಸುತ್ತೇನೆ. ಘನ ಸನ್ನಿಧಾನದ ಪಾದಾರವಿಂದಗಳಿಂದ ಶುರುಮಾಡಿದರೆ ನಾನು ಎಮ್ಮೆಯ ಹತ್ತಿರ ಬರುವಷ್ಟರಲ್ಲಿ ಅದು ಇನ್ನೊಂದು ಸಾಲು ಕಬ್ಬು ಮೇಯ್ದಿರುತ್ತದೆ. ಬರೆದದ್ದನ್ನು ಮಾತ್ರ ಯಾರೂ ಓದುವುದಿಲ್ಲ. ಅದು ನಮ್ಮ ಕಡೆಯ ಪದ್ಧತಿ. ಹಾಳೆಯನ್ನು ಮುಂದೆ ಹಿಡಿದರೆ ಗಿರಾಕಿ ಕೇಳುವುದು ಒಂದೇ ಮಾತು, 'ಎಲ್ಲಿ?' ಎಂದು. ಸಹಿ ಎಲ್ಲಿ ಹಾಕಬೇಕು ಎಂದು ಅದರ ಅರ್ಥ. ಒಮ್ಮೆ ಓದಿ ಹೇಳುತ್ತೇನೆ ತಡೆಯಿರಿ ಎಂದರೆ, ತಾವೇ ನನ್ನ ಮೇಲೆ ಸಂಶಯಪಟ್ಟ ಹಾಗೆ ಅವರಿಗೆ ನಾಚಿಕೆಯಾಗುತ್ತದೆ. ಎಂ.ಎ. ಮಾಡಿದ ಮಾಸ್ತರರು ಕೂಡ ಹೀಗೆಯೇ. ಈ ವಿಶ್ವಾಸವೇ ನನ್ನ ಬಂಡವಾಳ ಎಂದು ನಾನು ಬಹಳ ವರ್ಷ ಎದೆಯುಬ್ಬಿಸಿಕೊಂಡು ತಿರುಗಿದ್ದೇನೆ.

ಈಗ ನನ್ನ ಬುತ್ತಿಯ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ರಾದ್ಧಾಂತವೂ ಅಲ್ಲಿಂದಲೇ. ಬೆಳಿಗ್ಗೆ ನಾನು ಏಳಕ್ಕೆ ಮನೆ ಬಿಡುತ್ತೇನೆ. ಆ ಹೊತ್ತಿಗೆ ನನ್ನ ಹೆಂಡತಿ ಕಸ್ತೂರಿ ಇನ್ನೂ ಎಮ್ಮೆಗಳ ಹಿಂದೆ ಇರುತ್ತಾಳೆ. ಹನ್ನೊಂದಕ್ಕೆ ಬಿಸಿ ರೊಟ್ಟಿ ಬಡಿದು, ಪಲ್ಯ, ಚಟ್ನಿ, ಒಂದು ಉಳ್ಳಾಗಡ್ಡಿ ಇಟ್ಟು ಕೆಂಪು ಚೌಕಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಬಸ್ ಸ್ಟ್ಯಾಂಡಿಗೆ ತರುತ್ತಿದ್ದಳು. ಮೂಡಲಗಿಯಿಂದ ಗೋಕಾಕಕ್ಕೆ ಹೋಗುವ ಗಾಡಿ ಬರುತ್ತಿತ್ತು. ಡ್ರೈವರ್ ದಸ್ತಗೀರಸಾಬರು ಕಿಟಕಿಯಿಂದ ಕೈ ಚಾಚಿ ಗಂಟನ್ನು ತೆಗೆದುಕೊಂಡು ತಮ್ಮ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ ಇಡುತ್ತಿದ್ದರು. ನಮ್ಮೂರಿನಿಂದಲೇ ದಿನಕ್ಕೆ ಹದಿಮೂರು ಬುತ್ತಿ. ದರ್ಜಿಯದೊಂದು, ಬ್ಯಾಂಕಿನ ಸಿಪಾಯಿಯದೊಂದು, ನಮ್ಮ ನೆರೆಮನೆಯ ಪದ್ಮಾ ಕಾಕೂ ನರ್ಸ್ ಮಗಳಿಗೆ ಕಳಿಸುವುದೊಂದು, ಉಳಿದವು ಕಾಲೇಜಿನವರವು. ಬಾನೆಟ್ಟಿನ ಶಾಖಕ್ಕೆ ರೊಟ್ಟಿ ಗೋಕಾಕ ಮುಟ್ಟುವವರೆಗೆ ಬೆಚ್ಚಗೆ ಇರುತ್ತಿತ್ತು. ಬುತ್ತಿಗೆ ಟಿಕೆಟ್ ಇಲ್ಲ, ಚೀಟಿ ಇಲ್ಲ. ಬಟ್ಟೆಯ ಬಣ್ಣವೇ ವಿಳಾಸ. ಇಷ್ಟು ವರ್ಷದಲ್ಲಿ ದಸ್ತಗೀರಸಾಬರು ಒಂದು ಗಂಟನ್ನೂ ಅದಲುಬದಲು ಮಾಡಿದವರಲ್ಲ.

ಗಾಡಿ ಮಾತ್ರ ಗಾಡಿ ಎನ್ನಲು ನಾಲಿಗೆ ಹೊರಳದಂಥದು. ಅದರ ಹಾರ್ನ್ ಒಂದನ್ನು ಬಿಟ್ಟು ಉಳಿದ ಎಲ್ಲವೂ ಸಪ್ಪಳ ಮಾಡುತ್ತಿತ್ತು. ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು. ಹೊರಡುವ ಹೊತ್ತು ದೇವರಿಗೇ ಗೊತ್ತು. ಕೈ ಮಾಡಿದಲ್ಲೆಲ್ಲ ನಿಲ್ಲುತ್ತಿತ್ತು, ಕೈ ಮಾಡದಿದ್ದರೂ ಸುಸ್ತಾಗಿ ನಿಲ್ಲುತ್ತಿತ್ತು. ಹೊಸ ಬಸ್ಸಿಗಾಗಿ ಒಂದು ಅರ್ಜಿ ಬರೆ ಎಂದು ಊರಿನವರು ನನಗೆ ದುಂಬಾಲು ಬಿದ್ದಿದ್ದರು. ನಾನೋ, ಊರಿನ ಕೆಲಸ ಅಲ್ಲವೇ, ಬರೆದರಾಯಿತು ಎಂದು ಮುಂದೂಡುತ್ತ ಬಂದಿದ್ದೆ. ಕೊನೆಗೆ ನನ್ನ ಪೆನ್ನು ಕೈಗೆ ಕೊಟ್ಟದ್ದು ಒಂದು ಹುಂಜ.

ಮೂಡಲಗಿಯ ಯಾರೋ ಒಬ್ಬರು ಗೋಕಾಕದ ಅಳಿಯನಿಗೆಂದು ಒಂದು ಹುಂಜವನ್ನು ಕಾಲು ಕಟ್ಟಿ, ಬಿದಿರು ಬುಟ್ಟಿಯಲ್ಲಿ ಹಾಕಿ ಬೆಳಗಿನ ಗಾಡಿಯಲ್ಲಿ ಕಳಿಸಿದ್ದರು. ಜೊತೆಗೆ ಯಾರೂ ಇಲ್ಲ, ಹುಂಜ ಒಂದೇ ಪ್ರಯಾಣಿಕ. ನನಗೆ ಸಿಕ್ಕ ಜಾಗ ಅದರ ಪಕ್ಕದ್ದು. ತೊಡೆಯ ಮೇಲೆ ಒಬ್ಬ ಗಿರಾಕಿಯ ಬಾಂಡ್ ಪೇಪರು ಇತ್ತು, ಹಿಂದಿನ ದಿನವಿಡೀ ಕೂತು ಬರೆದದ್ದು. ಕಲ್ಲೊಳಿ ದಾಟುವಾಗ ನನಗೆ ಸ್ವಲ್ಪ ಜೋಂಪು ಹತ್ತಿತು. ಎಚ್ಚರಾದಾಗ ಹುಂಜ ನನ್ನ ಬರವಣಿಗೆಯನ್ನು ಕುಟುಕುತ್ತ ಮೂರನೆಯ ಸಾಲಿಗೆ ಬಂದಿತ್ತು. ನನ್ನ ಬರಹವನ್ನು ಅಷ್ಟು ಆಸ್ಥೆಯಿಂದ ಮೊದಲಿನಿಂದ ನೋಡಿದ ಜೀವ ಅದೊಂದೇ ಎಂದು ಈಗ ಅನಿಸುತ್ತದೆ, ಆದರೆ ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೋಕಾಕದಲ್ಲಿ ಅಳಿಯದೇವರು ಬಂದರು, ಬುಟ್ಟಿ ಎತ್ತಿಕೊಂಡರು, ನನ್ನ ಕಡೆ ತಿರುಗಿಯೂ ನೋಡದೆ ಹೋದರು.

ಅದೇ ದಿನ ಕೂತು ಬರೆದೆ. ಹನ್ನೊಂದು ಕಲಮಿನ ಅರ್ಜಿ. ಹೊಸ ಗಾಡಿ ಬೇಕು, ತಾನಾಗಿ ಮುಚ್ಚುವ ಬಾಗಿಲು ಬೇಕು, ಹೊತ್ತಿಗೆ ಸರಿಯಾಗಿ ಹೊರಡಬೇಕು, ಗೊತ್ತುಪಡಿಸಿದ ನಿಲ್ದಾಣದಲ್ಲಿ ಮಾತ್ರ ನಿಲ್ಲಬೇಕು, ಹೀಗೆ. ಬರೆಯುತ್ತ ಬರೆಯುತ್ತ ನನ್ನ ದೊಡ್ಡ ಕಾಕಾ ನೆನಪಾದರು. ಅವರು ತಮ್ಮ ಪ್ರಾಯದಲ್ಲಿ ಮುಂಬಯಿಯ ಗಿರಣಿಯಲ್ಲಿ ದುಡಿದವರು. ಮುಪ್ಪಿನಲ್ಲಿ ಕಟ್ಟೆಯ ಮೇಲೆ ಕೂತು ಅಲ್ಲಿನ ಟ್ರಾಮಿನ ಸುದ್ದಿಯನ್ನೇ ಹೇಳುತ್ತಿದ್ದರು. ಟ್ರಾಮು ಹಳಿಯ ಮೇಲೆ ಬೀದಿಯ ನಟ್ಟನಡುವೆ ಬರುತ್ತಿತ್ತಂತೆ, ಗಂಟೆ ಬಾರಿಸುತ್ತ ಬರುತ್ತಿತ್ತಂತೆ, ಅದರಲ್ಲಿ ಒಬ್ಬನೂ ಕೋಳಿ ತರುತ್ತಿರಲಿಲ್ಲವಂತೆ. ಕಾಕಾ ಹೇಳಿದ್ದರಲ್ಲಿ ಎಷ್ಟು ಖರೆಯೋ ಎಷ್ಟು ಸೇರಿಸಿದ್ದೋ, ನಾನಂತೂ ಟ್ರಾಮಿನ ಚಿತ್ರವನ್ನು ಬಿಟ್ಟು ಬೇರೇನೂ ಕಂಡವನಲ್ಲ. ಆದರೂ ದಿನಾ ಅದರಲ್ಲೇ ಓಡಾಡಿದವನ ಗತ್ತಿನಲ್ಲಿ ಏಳನೆಯ ಕಲಮನ್ನು ಬರೆದೆ: 'ಮಹಾನಗರಗಳ ಟ್ರಾಮುಗಳಲ್ಲಿ ಇರುವಂತೆ, ವಾರಸುದಾರರು ಜೊತೆಯಲ್ಲಿಲ್ಲದ ಯಾವುದೇ ಗಂಟು, ಬುಟ್ಟಿ, ಡಬ್ಬಿ ಇತ್ಯಾದಿಗಳನ್ನು ಗಾಡಿಯಲ್ಲಿ ಒಯ್ಯಲು ಎಂದಿಗೂ ಆಸ್ಪದ ಕೊಡತಕ್ಕದ್ದಲ್ಲ.' ನನ್ನ ಕಣ್ಣ ಮುಂದೆ ಇದ್ದದ್ದು ಹುಂಜ. ಆದರೆ 'ಹುಂಜ' ಎಂದು ಬರೆದರೆ ಅರ್ಜಿಯ ಘನತೆ ಉಳಿಯುತ್ತದೆಯೇ? ಇತ್ಯಾದಿಗಳು ಎಂದರೆ ತೂಕ ಬರುತ್ತದೆ. ಆ ಇತ್ಯಾದಿಯಲ್ಲಿ ನನ್ನ ಬುತ್ತಿಯೂ ಕೂತಿದೆ ಎಂದು ಹೊಳೆಯಲಿಲ್ಲ.

ಸಹಿಗಾಗಿ ಮನೆಮನೆ ತಿರುಗಿದೆ. ಮೊದಲು ಸಿಕ್ಕವಳು ಕಸ್ತೂರಿ. ಹಿಟ್ಟಿನ ಕೈ ಒರೆಸಿಕೊಂಡು 'ಎಲ್ರಿ?' ಎಂದಳು. ತೋರಿಸಿದಲ್ಲಿ ಹಾಕಿದಳು. ಅವಳ ಕೆಳಗೆ ಪದ್ಮಾ ಕಾಕೂ, ಅವರ ಕೆಳಗೆ ಇಡೀ ಓಣಿ. ಅರ್ಜಿ ಹೋಯಿತು. ಕಾಲ ಕಳೆಯಿತು. ಬೇರೆ ಅರ್ಜಿಗಳ ಹಾಗೆ ಅದನ್ನೂ ನಾನು ಮರೆತುಬಿಟ್ಟೆ.

ಹೊಸ ಬಸ್ಸುಗಳು ಬಂದೇ ಬಂದವು. ಒಂದಲ್ಲ, ನಾಲ್ಕು. ಮೂಡಲಗಿಗೆ, ಕೊಣ್ಣೂರಕ್ಕೆ, ಘಟಪ್ರಭಾದ ಸ್ಟೇಶನ್ನಿಗೆ ಹೊತ್ತಿಗೊಂದು ಗಾಡಿ. ಮೂತಿಗೆ ಬಾಳೆಕಂಬ, ಚೆಂಡುಹೂವಿನ ಸರ, ಚಕ್ರದ ಕೆಳಗೆ ನಿಂಬೆಹಣ್ಣು. ಹಣೆಯ ಮೇಲೆ ಊರಿನ ಹೆಸರು ಕೆಂಪಗೆ ಉರಿಯುತ್ತ ಓಡುತ್ತಿತ್ತು. ಒಳಗೆ ಕಾಣದ ಹೆಣ್ಣುಮಗಳೊಬ್ಬಳು ಮುಂದಿನ ನಿಲ್ದಾಣ ನಾಗನೂರ ಎಂದು ಬೆಂಗಳೂರಿನ ದನಿಯಲ್ಲಿ ಹೇಳುತ್ತಿದ್ದಳು. ಅವಳಿಗೆ ನಮ್ಮೂರಿನ ಹೆಸರು ಗೊತ್ತಿದೆಯಲ್ಲ ಎಂದು ಮುದುಕರು ಹಿಗ್ಗಿಹೋದರು. ಬಾಗಿಲು ಉಸ್ಸೆಂದು ತಾನೇ ತೆರೆದು ಉಸ್ಸೆಂದು ತಾನೇ ಮುಚ್ಚುತ್ತಿತ್ತು. ಸ್ಟ್ಯಾಂಡಿನಲ್ಲಿ ನನಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟರು. ನಾನು ಅಂದು ಮಾಡಿದ ಭಾಷಣವನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. 'ಈ ಬಸ್ಸಿನ ಒಂದೊಂದು ನಟ್ಟು ಬೋಲ್ಟಿನಲ್ಲೂ ನನ್ನ ಅಕ್ಷರ ಇದೆ' ಎಂದೆ. ಜನ ಚಪ್ಪಾಳೆ ತಟ್ಟಿದರು.

ಮರುದಿನ ಮಧ್ಯಾಹ್ನ ಬುತ್ತಿ ಬರಲಿಲ್ಲ. ಹೊಟ್ಟೆ ಚುರುಗುಟ್ಟುತ್ತ ಸ್ಟ್ಯಾಂಡಿಗೆ ಹೋದೆ. ದಸ್ತಗೀರಸಾಬರು ಹೊಸ ಗಾಡಿಯಲ್ಲಿ ಹೊಸ ಮದುಮಗನ ಹಾಗೆ ನೆಟ್ಟಗೆ ಕೂತಿದ್ದರು. ಅವರ ಪಕ್ಕದಲ್ಲಿ ಬಾನೆಟ್ಟೇ ಇರಲಿಲ್ಲ, ಎಂಜಿನ್ನು ಹಿಂದಕ್ಕೆ ಹೋಗಿತ್ತು. ಕಿಟಕಿಯಿಂದ ಕೈ ಚಾಚುವ ಹಾಗೂ ಇಲ್ಲ. ನನ್ನ ಬುತ್ತಿ ಎಲ್ಲಿ ಎಂದು ಕೇಳಿದೆ. ಅವರು ತಲೆಯ ಮೇಲಿನ ಫಲಕ ತೋರಿಸಿದರು. 'ಸಾರ್ವಜನಿಕರ ಬೇಡಿಕೆಯ ಮೇರೆಗೆ' ಎಂದು ಶುರುವಾಗಿ ಗಂಟು, ಬುಟ್ಟಿ, ಡಬ್ಬಿ ದಾಟಿ ಇತ್ಯಾದಿಗೆ ಬಂದಾಗ ಇನ್ನೊಮ್ಮೆ ಮೊದಲಿನಿಂದ ಓದಿದೆ. 'ಆಸ್ಪದ ಕೊಡತಕ್ಕದ್ದಲ್ಲ' ಎಂದು ಗೋಕಾಕ ಸುತ್ತಮುತ್ತ ಬರೆಯುವವನು ನಾನೊಬ್ಬನೇ.

'ಯಾಂವ ಬರ್ದಾನ ಗೊತ್ತಿಲ್ರಿ' ಎಂದರು ದಸ್ತಗೀರಸಾಬರು. 'ಹದಿಮೂರು ಹೆಣ್ಮಕ್ಕಳು ಗಂಟ ಹಿಡಕೊಂಡ ನಿಂತಿದ್ರು. ಅವರ ಮಾರಿ ಮುಂದ ಬಾಗಲಾ ಮುಚ್ಚಿ ಬಂದೇನಿ. ನನಗ ಊಟಾನ ಸೇರಲಿಲ್ಲ.' ನನಗೂ ಸೇರಲಿಲ್ಲ, ಸೇರಲು ಊಟವೇ ಇರಲಿಲ್ಲ.

ಸಂಜೆ ಮನೆಗೆ ಬಂದರೆ ಕಟ್ಟೆಯ ಮೇಲೆ ಹೆಂಗಸರ ಸಭೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಹೆಗಲ ಮೇಲಿದ್ದ ಶಾಲನ್ನೇ ತೆಗೆದು ಚೀಲದೊಳಗೆ ಹಾಕಿಕೊಂಡೆ. ನಿಯಮ ಡಿಪೋದವರದೇ ಎಂದುಕೊಂಡು, ಅದನ್ನು ಬರೆದವನ ಹೊಟ್ಟೆಗೆ ಮಧ್ಯಾಹ್ನದ ರೊಟ್ಟಿ ಸಿಗದಿರಲಿ ಎಂದು ಕಸ್ತೂರಿ ಶಾಪ ಹಾಕುತ್ತಿದ್ದಳು. ಶಾಪ ಆಗಲೇ ಹತ್ತಿತ್ತು, ಆದರೆ ಹೇಳುವ ಹಾಗಿರಲಿಲ್ಲ. ಪದ್ಮಾ ಕಾಕೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವರದು ಜೈನರ ಮನೆ, ಮಗಳು ದವಾಖಾನೆಯಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಊಟ ಎಲ್ಲೂ ಸಿಗದೆ ಬರೀ ಬಾಳೆಹಣ್ಣು ತಿಂದಿದ್ದಳಂತೆ. ಅದನ್ನು ಕೇಳಿದಾಗ ನನಗೆ ನಿಜಕ್ಕೂ ಕೆಡುಕೆನಿಸಿತು. ಆಗಲೇ ಒಪ್ಪಿಕೊಂಡಿದ್ದರೆ ನಾಲ್ಕು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಶಾಲು ಹೊದ್ದು ಎರಡು ದಿನವೂ ಆಗಿರಲಿಲ್ಲ. ಮೂವತ್ತು ವರ್ಷ ಬೇವಿನ ಮರದ ಕೆಳಗೆ ಸಂಪಾದಿಸಿದ ಹೆಸರನ್ನು ಒಂದು ಹುಂಜದ ಸಲುವಾಗಿ ಕಳೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಬೆಳಿಗ್ಗೆಯೇ ನನ್ನ ಬುತ್ತಿಯನ್ನು ಕಟ್ಟಿಕೊಟ್ಟುಬಿಡು ಎಂದು ಕಸ್ತೂರಿಗೆ ಮೆಲ್ಲಗೆ ಹೇಳಿ ನೋಡಿದೆ. ಎಲ್ಲರ ಬುತ್ತಿ ಹೋಗುವ ತನಕ ನಮ್ಮ ಮನೆಯದೂ ಹೋಗುವುದಿಲ್ಲ ಎಂದು ಹೆಂಗಸರೆಲ್ಲ ಮಾತು ಕೊಟ್ಟುಕೊಂಡಿದ್ದಾರೆ ಎಂದಳು. ಹೀಗೆ ನಾನು ಮಿರ್ಚಿ ಭಜಿ, ಚುರುಮುರಿಗಳ ಪಾಲಾದೆ. ಮೊದಲ ದಿನ ಮಜಾ ಎನಿಸಿತು. ಮೂರನೆಯ ದಿನಕ್ಕೆ ಹೊಟ್ಟೆಯಲ್ಲಿ ಬೆಂಕಿ. ನಾಲ್ಕನೆಯ ದಿನ ಅವಳೇ ಬಿಳಿ ಹಾಳೆ ತಂದು ಮುಂದಿಟ್ಟಳು. ಈ ನಿಯಮ ತೆಗೆಸುವ ಅರ್ಜಿಯನ್ನು ನಾನೇ ಬರೆಯಬೇಕಂತೆ, ಇಡೀ ತಾಲೂಕಿನಲ್ಲಿ ನನ್ನ ಹಾಗೆ ಬರೆಯುವವರು ಯಾರಿದ್ದಾರೆ ಎಂದು ಪದ್ಮಾ ಕಾಕೂ ಹೇಳಿದರಂತೆ.

ನನ್ನ ಬರಹವನ್ನು ನಾನೇ ಖಂಡಿಸುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಏಳನೆಯ ಕಲಮನ್ನು ಬರೆದವನನ್ನು 'ಜನಜೀವನದ ಗಂಧಗಾಳಿ ಇಲ್ಲದ ಯಾವನೋ ಅವಿವೇಕಿ' ಎಂದು ಕರೆದೆ. ಬರೆದಾದ ಮೇಲೆ ಬಹಳ ಹೊತ್ತು ಆ ಸಾಲನ್ನು ನೋಡಿದೆ. ಹೊಡೆದುಹಾಕೋಣ ಎಂದರೆ ಚೆನ್ನಾಗಿ ಬಂದಿತ್ತು. ಹಾಗೆಯೇ ಬಿಟ್ಟೆ. ಮತ್ತೆ ನಾಲ್ಕು ಹಾಳೆ, ಮತ್ತೆ ಪಾದಾರವಿಂದ. ಮತ್ತೆ ಎಲ್ಲರೂ 'ಎಲ್ರಿ?' ಎಂದರು, ಮತ್ತೆ ಮೊದಲ ಸಹಿ ಕಸ್ತೂರಿಯದು.

ಸೋಮವಾರ ಹೆಂಗಸರ ದಂಡು ಡಿಪೋಕ್ಕೆ ಹೊರಟಿತು. ನಾನು ಬರುವುದಿಲ್ಲ ಎಂದರೆ ಯಾರು ಕೇಳಬೇಕು? ಡಿಪೋದ ಸಾಹೇಬರು ಹುಕ್ಕೇರಿ ಕಡೆಯಿಂದ ಹೊಸದಾಗಿ ಬಂದವರು, ಬಹಳ ಸೌಮ್ಯ ಮನುಷ್ಯ. ಎಲ್ಲರಿಗೂ ಕುರ್ಚಿ ಹಾಕಿಸಿದರು. ಅಹವಾಲು ಕೇಳಿದರು. ಆಮೇಲೆ ತಾವೇ ಎದ್ದು ಕಪಾಟಿನಿಂದ ಒಂದು ಫೈಲು ತೆಗೆದರು. ಈ ಹೊಸ ವ್ಯವಸ್ಥೆಯನ್ನು ತಾವು ಮನಸ್ಸಿಗೆ ಬಂದ ಹಾಗೆ ಮಾಡಿಲ್ಲ, ನಿಮ್ಮ ಊರಿನವರೇ ಬಹಳ ವಿಚಾರ ಮಾಡಿ ಬರೆದುಕೊಟ್ಟದ್ದು, ಇಂಥ ಅರ್ಜಿ ತಾವು ನೌಕರಿಯಲ್ಲಿ ಇನ್ನೊಂದು ಕಂಡಿಲ್ಲ ಎಂದು ಹೇಳುತ್ತ ಏಳನೆಯ ಕಲಮನ್ನು ಭಕ್ತಿಯಿಂದ ಓದಿದರು. ನಾನು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ಅಭ್ಯಾಸ ಮಾಡುತ್ತಿದ್ದೆ. ಘಟಪ್ರಭಾಕ್ಕೆ ಎಷ್ಟು ಗಂಟೆಗೆ ಯಾವ ಗಾಡಿ ಎಂದು ಇವತ್ತಿಗೂ ನನಗೆ ಬಾಯಿಪಾಠ ಇದೆ. ಸಾಹೇಬರು ಹಾಳೆ ತಿರುವಿ ಸಹಿಗಳನ್ನು ಕಸ್ತೂರಿಯ ಮುಂದೆ ಹಿಡಿದರು. ಮೊದಲ ಸಹಿ ಅವಳದೇ.

ಅವಳು ಸಹಿ ನೋಡಿದಳು. ಹಾಳೆ ಹಿಂದಕ್ಕೆ ತಿರುವಿ ಅಕ್ಷರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಹೆಸರು ಈಗ ಅವಳ ಬಾಯಲ್ಲಿದೆ, ಬಾಯಿ ತೆರೆದರೆ ನಾನು ಮುಗಿದೆ ಎಂದುಕೊಂಡೆ.

'ಸಹಿ ನಂದ ಐತ್ರಿ ಸಾಹೇಬ್ರ' ಎಂದಳು ಕಸ್ತೂರಿ. 'ಓದಲಾರದ ಮಾಡೇನಿ. ತಪ್ಪ ನಂದು.'

ಇಷ್ಟೇ. ನನ್ನ ಹೆಸರು ಎತ್ತಲಿಲ್ಲ. ಅವಳೇ ಎತ್ತದ ಮೇಲೆ, ಅವಳ ಕೆಳಗೆ ಓದದೆ ಸಹಿ ಹಾಕಿದ ಉಳಿದವರೂ ಎತ್ತಲಿಲ್ಲ. ಹತ್ತು ಜನರ ಮುಂದೆ ಬೈದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಆಮೇಲೆ ಅವಳು ಸಾಹೇಬರ ಮೇಜಿನ ಮೇಲಿದ್ದ ಹೊಸ ಅರ್ಜಿಯನ್ನು ಎತ್ತಿಕೊಂಡಳು. ನಿಂತಲ್ಲಿಯೇ ಮೊದಲಿನಿಂದ ಕಡೆಯವರೆಗೆ ಓದಿದಳು. ಅವಿವೇಕಿಯ ಸಾಲಿಗೆ ಬಂದಾಗ ತುಟಿಯ ತುದಿ ಸ್ವಲ್ಪ ಅಲುಗಿತು. ನಾಲ್ಕು ಹಾಳೆ ಮುಗಿಸಿ, ಇದರಲ್ಲಿ ಬುತ್ತಿ ಎಂಬ ಮಾತೇ ಇಲ್ಲವಲ್ಲ ಎಂದಳು. ನಾನು 'ಮಧ್ಯಾಹ್ನದ ಆಹಾರ ಪದಾರ್ಥಗಳು ಇತ್ಯಾದಿ' ಎಂದು ಬರೆದಿದ್ದೆ. ಸಾಹೇಬರ ಪೆನ್ನು ಇಸಿದುಕೊಂಡು ಹಿಂಬದಿಯಲ್ಲಿ ತಾನೇ ಬರೆದಳು: 'ನಮ್ಮ ಹದಿಮೂರು ಬುತ್ತಿ ದಿನಾ ಗೋಕಾಕಕ್ಕೆ ಹೋಗಬೇಕು. ದಿನಕ್ಕೊಬ್ಬರು ಜೊತೆಗೆ ಬರುತ್ತೇವೆ. ಹೆಂಗಸರಿಗೆ ಹೇಗೂ ಟಿಕೆಟ್ ಇಲ್ಲ.' ಸಾಹೇಬರು ಅದನ್ನು ಓದಿದರು, ನಕ್ಕರು, ವಾರಸುದಾರರು ಜೊತೆಗಿದ್ದರೆ ನಿಯಮಕ್ಕೆ ಏನೂ ಅಡ್ಡಿಯಿಲ್ಲ ಎಂದು ಅಲ್ಲೇ ಸಹಿ ಹಾಕಿದರು. ಒಂದು ಅರ್ಜಿ ಇಷ್ಟು ಬೇಗ ಪಾಸಾದದ್ದನ್ನು ನಾನು ಕಂಡಿಲ್ಲ, ಮತ್ತು ಅದು ನನ್ನದಲ್ಲ.

ಬರುವಾಗ ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಕೂತು ಹುಂಜದ ಕಥೆಯನ್ನೆಲ್ಲ ಹೇಳಿಕೊಂಡೆ. ತಪ್ಪಾಯಿತು ಎಂದೂ ಹೇಳಿದೆ. ಮದುವೆಯಾದ ಮೇಲೆ ನಾನು ಹಾಗೆ ಅಂದದ್ದು ಅದೇ ಮೊದಲಿರಬೇಕು.

'ನಿಮ್ಮನ್ನ ಬೈದ ಏನ ಮಾಡ್ಲಿ' ಎಂದಳು. 'ಇಷ್ಟ ವರ್ಷ ನಿಮ್ಮ ಕೂಡ ಸಂಸಾರ ಮಾಡೇನಿ, ನೀವ ಏನ ಬರೀತೀರಿ ಅಂತ ಒಂದಿನಾ ಓದಿ ನೋಡಲಿಲ್ಲ.'

ಅದಾದ ಮೇಲೆ ಓದಲು ಹಿಡಿದಳು. ಅದೇ ಈಗಿನ ನನ್ನ ತಾಪತ್ರಯ. ಬುತ್ತಿಯ ಜೊತೆ ಬರುವ ಸರದಿ ಅವಳಿಗೆ ಗುರುವಾರ. ಸ್ಟ್ಯಾಂಡಿನಲ್ಲಿ ಹನ್ನೆರಡು ಗಂಟುಗಳನ್ನು ಹಂಚಿ, ಹದಿಮೂರನೆಯದನ್ನು ಹಿಡಿದುಕೊಂಡು ಬೇವಿನ ಮರದ ಕೆಳಗೆ ಬರುತ್ತಾಳೆ. ವಾಪಸು ಗಾಡಿ ಇರುವುದು ಮೂರಕ್ಕೆ. ನಾನು ಊಟಕ್ಕೆ ಕೂತರೆ ಅವಳು ನನ್ನ ಕುರ್ಚಿಯಲ್ಲಿ ಕೂತು, ಬೆಳಿಗ್ಗೆ ನಾನು ಬರೆದಿಟ್ಟದ್ದನ್ನು ಗಿರಾಕಿಗೆ ದೊಡ್ಡದಾಗಿ ಓದಿ ಹೇಳುತ್ತಾಳೆ. ನೀವು ಇದನ್ನೇ ಹೇಳಿದ್ದಿರೇನು ಎಂದು ಕೇಳುತ್ತಾಳೆ. ಅವರು ಮುಜುಗರದಿಂದ ನನ್ನ ಕಡೆ ನೋಡಿ, ಇಲ್ಲ ಎನ್ನುತ್ತಾರೆ. ಪಾದಾರವಿಂದ ಹೋಯಿತು, ಘನ ಸನ್ನಿಧಾನ ಹೋಯಿತು, ಎರಡು ಹಾಳೆ ಆರು ಸಾಲಿಗೆ ಇಳಿಯಿತು. ಎಮ್ಮೆ ಈಗ ಮೊದಲನೆಯ ಸಾಲಿನಲ್ಲಿಯೇ ಕಬ್ಬಿಗೆ ಬಾಯಿ ಹಾಕುತ್ತದೆ. ಊರಲ್ಲಿ ನನ್ನ ಮರ್ಯಾದೆ ಉಳಿಯಿತು, ನಿಜ. ಹುಂಜದ ಸುದ್ದಿ ಅವಳ ಹೊಟ್ಟೆಯೊಳಗಿಂದ ಹೊರಗೆ ಬಂದಿಲ್ಲ. ನಾನೂ ಬಾಯಿ ಮುಚ್ಚಿಕೊಂಡು ಬಿಸಿ ರೊಟ್ಟಿ ತಿನ್ನುತ್ತೇನೆ.

ಮೊನ್ನೆ ಮಂಗಳವಾರ ಕೊಣ್ಣೂರದ ರೈತರೊಬ್ಬರು ಬಂದರು. ಸ್ಟೂಲಿನ ಮೇಲೆ ಕೂರಲಿಲ್ಲ. ಮರದ ಸುತ್ತ ಒಮ್ಮೆ ಕಣ್ಣಾಡಿಸಿ, ಅಕ್ಕಾರು ಯಾವತ್ತು ಬರುತ್ತಾರೆ ಎಂದು ಕೇಳಿದರು. ಗುರುವಾರ ಎಂದೆ. ಚಪ್ಪಲಿ ಸರಿಮಾಡಿಕೊಂಡು ಹೊರಟೇಬಿಟ್ಟರು. ನನಗೆ ತಡೆಯಲಾಗಲಿಲ್ಲ. ಯಜಮಾನರೇ, ಅರ್ಜಿ ಬರೆಯುವವನು ನಾನು, ನಾನು ದಿನಾ ಇಲ್ಲೇ ಇರುತ್ತೇನೆ ಎಂದು ಕೂಗಿ ಹೇಳಿದೆ. ಅವರು ತಿರುಗಿ ನಿಂತು ಬಹಳ ಮರ್ಯಾದೆಯಿಂದ ಕೈ ಮುಗಿದರು.

'ಗೊತ್ತೈತ್ರಿ' ಎಂದರು. 'ಅದಕ್ಕ ಕೇಳಿದ್ನಿರಿ.'